ಫ್ರೆಂಚನ ಮನೆಯ ಹೆರಿಗೆ ಕೋಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಪಿಟೀಲಿನ ಕತೆ ಕಟ್ಟಿದವನು ನಾನು.

ಒಮಾನಿನ ಸೂರ್ ಪಟ್ಟಣದಲ್ಲಿ ಕಡಲಿಗೆ ಮುಖಮಾಡಿ ನಿಂತ ಒಂದು ಹಳೆಯ ಮಹಡಿ ಮನೆಯಿದೆ. ಊರವರು ಅದನ್ನು ಫ್ರೆಂಚನ ಮನೆ ಎನ್ನುತ್ತಾರೆ. ಈಗ ಅದು ಮ್ಯೂಸಿಯಂ. ಒಳಗೆ ಗಾಜಿನ ಹಿಂದೆ ಒಂದು ಫಲಕ. ಈ ಮನೆಯಲ್ಲಿ ವಾಸವಾಗಿದ್ದ ಫ್ರೆಂಚ್ ಮಹಾಶಯರು ದಿನವೂ ಸಂಜೆ ಬಾಲ್ಕನಿಯಲ್ಲಿ ನಿಂತು ಪಿಟೀಲು ನುಡಿಸುತ್ತಿದ್ದರೆಂದೂ, ಬಂದರಿಗೆ ಮರಳುವ ಹಡಗಿನವರು ಅದನ್ನು ಕೇಳಲು ಹುಟ್ಟು ಎತ್ತಿ ಹಿಡಿದು ಸುಮ್ಮನಾಗುತ್ತಿದ್ದರೆಂದೂ ಅದರಲ್ಲಿ ಮೂರು ಭಾಷೆಗಳಲ್ಲಿ ಬರೆದಿದೆ. ಆ ಮಹಾಶಯರು ಪಿಟೀಲು ನುಡಿಸುತ್ತಿದ್ದರೋ ಕೋಳಿ ಸಾಕುತ್ತಿದ್ದರೋ ನನಗೆ ಗೊತ್ತಿಲ್ಲ. ಅವರ ಕೈಗೆ ಪಿಟೀಲು ಕೊಟ್ಟವನು ನಾನು. ಎದುರಿಗಿದ್ದ ಇಬ್ಬರನ್ನು ನಗಿಸಬೇಕೆಂದು ಅರ್ಧ ನಿಮಿಷದಲ್ಲಿ ಹೊಸೆದ ಸುಳ್ಳು ಅದು. ಆ ಸುಳ್ಳಿಗೆ ಗಾಜು ಹಾಕಿ ದೀಪ ಬಿಟ್ಟಿದ್ದಾರೆ. ಅದೇ ಮನೆಯಲ್ಲಿದ್ದ ನಿಜವನ್ನು ಉಳಿಯಿಟ್ಟು ಕೆರೆದು ಬಿಸಾಡಿದರು. ಅದಕ್ಕೂ ಅರ್ಧ ಕಾರಣ ನಾನೇ. ಉಳಿದರ್ಧ ಯಾರು ಯಾರು ಎಂದು ಹೇಳುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ.

ಕಳೆದ ವಾರ ಮಸ್ಕತ್ತಿನಿಂದ ರಜೆಗೆ ಬಂದ ಗೆಳೆಯನೊಬ್ಬ ಒಮಾನಿ ಹಲ್ವಾದ ಡಬ್ಬಿ ತಂದುಕೊಟ್ಟ. ತುಪ್ಪ ಸೋರದಿರಲಿ ಎಂದು ಡಬ್ಬಿಗೆ ಒಂದು ಹೊಳೆಯುವ ಕಾಗದ ಸುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಮ್ಯೂಸಿಯಮ್ಮಿನ ಕರಪತ್ರ. ಬಾಲ್ಕನಿಯ ಚಿತ್ರದ ಮೇಲೆ ತುಪ್ಪದ ಕಲೆ. ಕೋಣೆಯಲ್ಲೆಲ್ಲ ಕೇಸರಿ, ಏಲಕ್ಕಿ, ಗುಲಾಬಿ ನೀರಿನ ಘಮ... ನನ್ನ ಮೂಗಿಗೆ ಮಾತ್ರ ಬಂದದ್ದು ಫಿನಾಯಿಲಿನ ವಾಸನೆ. ಅದರ ಹಿಂದೆಯೇ ಹುರಿದ ಬಂಗುಡೆಯ ವಾಸನೆ. ಇವೆರಡೂ ಒಟ್ಟಿಗೆ ಬರುತ್ತಿದ್ದದ್ದು ಇಡೀ ಒಮಾನಿನಲ್ಲಿ ಒಬ್ಬರ ಗೌನಿನಿಂದ. ನಮ್ಮ ಮೆಸ್ಸಿನ ಬಾಯಮ್ಮನ ಗೌನಿನಿಂದ.

ನಮ್ಮ ಕರಾವಳಿಯಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆದರೆ ಮುಗಿಯಿತು, ಬೇರೆ ಹೆಸರಿನ ಅಗತ್ಯ ಬೀಳುವುದಿಲ್ಲ. ಸೂರಿನಲ್ಲಿ ಮಲಯಾಳಿಗಳು, ಗೋವೆಯವರು, ಪಂಜಾಬಿಗಳು ಎಲ್ಲರೂ ನಮ್ಮಿಂದ ಕಲಿತು ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಊರಿನ ಅರಬರು ಮಾತ್ರ ದಕ್ತೂರಾ ಎನ್ನುತ್ತಿದ್ದರು. ಅಂದರೆ ಡಾಕ್ಟರಮ್ಮ. ಅವರು ಡಾಕ್ಟರಾಗಿರಲಿಲ್ಲ. ಆದರೆ ಹಾಗೆ ಕರೆಯುತ್ತಿದ್ದವರಲ್ಲಿ ಹೆಚ್ಚಿನವರ ಮಕ್ಕಳು ಅವರ ಕೈಯಲ್ಲೇ ಈ ಲೋಕಕ್ಕೆ ಬಂದವರು, ಅವರ ಜೊತೆ ವಾದ ಮಾಡಲು ನಾವು ಯಾರು?

ಕರಪತ್ರದ ಪ್ರಕಾರ ಆ ಮನೆಗೆ ಇತಿಹಾಸ ಇರುವುದು ಎರಡೇ ತುಂಡು. ಕಟ್ಟಿದ ವ್ಯಾಪಾರಿ, ವಾಸವಿದ್ದ ಫ್ರೆಂಚ. ಅಲ್ಲಿಂದ ಒಂದೇ ನೆಗೆತಕ್ಕೆ ಮ್ಯೂಸಿಯಂ. ನಡುವಿನ ಕಾಲಕ್ಕೆಲ್ಲ ಸೇರಿ ಒಂದು ವಾಕ್ಯ: ಕಾಲಾಂತರದಲ್ಲಿ ಮನೆಯು ಇತರ ಉದ್ದೇಶಗಳಿಗೆ ಬಳಕೆಯಾಯಿತು. ಇತರ ಉದ್ದೇಶಗಳು! ಈ ಎರಡು ಶಬ್ದ ಓದಿ ಹಲ್ವಾದ ಡಬ್ಬಿ ಆಚೆ ಸರಿಸಿದೆ. ಆ ಇತರ ಉದ್ದೇಶಗಳಲ್ಲಿ ನಾನೂ ಒಬ್ಬ, ಐದು ವರ್ಷ ಅಲ್ಲಿ ಗೊರಕೆ ಹೊಡೆದವನು. ನನ್ನದು ಹಾಳಾಗಿ ಹೋಗಲಿ. ಬಾಯಮ್ಮ ಇತರ ಉದ್ದೇಶವಾ?

ಮನೆಯ ಇತಿಹಾಸ ನನಗೆ ಗೊತ್ತಿದ್ದದ್ದು ಬಾಯಮ್ಮ ಮೀನು ಹೆಚ್ಚುತ್ತ ಹೇಳಿದಷ್ಟು. ಖರ್ಜೂರದ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಅವನ ಹಡಗುಗಳು ನಮ್ಮ ಕಡೆಗೂ ಬರುತ್ತಿದ್ದವಂತೆ, ಬಾಗಿಲುಗಳ ಸಾಗುವಾನಿ ಮರ ಮಲಬಾರಿನದು. ಸೂರಿನ ಹಡಗಿನವರು ಒಂದು ಕಾಲದಲ್ಲಿ ಫ್ರೆಂಚ್ ಬಾವುಟ ಹಾರಿಸಿಕೊಂಡು ಓಡಾಡುತ್ತಿದ್ದರು, ಆಗ ಇಂಗ್ಲಿಷರು ಕಡಲ ನಡುವೆ ತಡೆಯುತ್ತಿರಲಿಲ್ಲ. ಆ ಬಾವುಟದ ವ್ಯವಹಾರ ನೋಡಿಕೊಳ್ಳಲೋ ಏನೋ ಒಬ್ಬ ಫ್ರೆಂಚ ಬಂದು ಮಹಡಿಯಲ್ಲಿ ಕೆಲವು ವರ್ಷ ಬಾಡಿಗೆಗಿದ್ದ. ಮೇಲೆ ಅವನು, ಕೆಳಗೆ ಖರ್ಜೂರದ ಮೂಟೆ. ಅವನು ಹೋದ. ಆಮೇಲೆ ಮಕ್ಕಳಿಗೆ ಕುರಾನ್ ಓದಿಸುವ ಶಾಲೆ. ಆಮೇಲೆ ಅಣ್ಣ ತಮ್ಮಂದಿರ ಜಗಳದಲ್ಲಿ ಬೀಗ, ಇಲಿ. ಎಪ್ಪತ್ತರ ದಶಕದ ಆರಂಭದಲ್ಲಿ ದೇಶಕ್ಕೆಲ್ಲ ರಸ್ತೆ, ಶಾಲೆ, ಆಸ್ಪತ್ರೆ ಎಂದು ಓಡಾಟ ಶುರುವಾದಾಗ, ಹೊಸ ಕಟ್ಟಡ ಏಳುವ ತನಕ ಇರಲಿ ಎಂದು ಆ ಮನೆಯಲ್ಲೇ ಒಂದು ದವಾಖಾನೆ ತೆರೆದರು.

ಬಾಯಮ್ಮ ಬಂದದ್ದು ಆಗ. ಉಡುಪಿಯ ಆಚೆಯ ಒಂದು ಇಗರ್ಜಿ ಊರಿನವರು, ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಕಲಿತವರು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಹೆರಿಗೆನೋವು ವಾರ ನೋಡಿಕೊಂಡು ಬರುತ್ತದೆಯೇ? ಉಳಿದ ಐದು ದಿನ ಬಾಯಮ್ಮ ಒಬ್ಬರೇ. ಅಚ್ಚು ಹಾಕಿದ ರಿಜಿಸ್ಟರು ಬರಲು ವರ್ಷಗಳೇ ಹಿಡಿದವು. ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದರು, ಗೆದ್ದಲು ತಿಂದಿತು. ಎರಡನೆಯದನ್ನೂ ತಿಂದಿತು. ಸಿಟ್ಟು ಬಂದು, ನಾಲಿಗೆಗೆ ತಾಗಿಸಿದರೆ ನೇರಳೆಯಾಗುವ ಪೆನ್ಸಿಲ್ ಇತ್ತಲ್ಲ, ಅದನ್ನು ತೆಗೆದುಕೊಂಡು ಹೆರಿಗೆ ಕೋಣೆಯ ಗೋಡೆಯ ಮೇಲೆಯೇ ಬರೆಯತೊಡಗಿದರು. ತಾಯಿಯ ಹೆಸರು, ಮಗು ಗಂಡೋ ಹೆಣ್ಣೋ, ದಿನ, ಹೊತ್ತು. ಬರೆದದ್ದು ಕನ್ನಡದಲ್ಲಿ. ಅರಬ್ಬಿ ಬರೆಯಲು ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಆ ಹೆಸರುಗಳನ್ನು ಕೂಡಿಸುವುದು ಕಷ್ಟ. ‘ಕೇಳಿದ ಹಾಗೆ ಬರೀಲಿಕ್ಕೆ ಆಗುವುದು ನಮ್ಮದರಲ್ಲಿ ಮಾತ್ರ ಮಾರಾಯ’ ಎನ್ನುತ್ತಿದ್ದರು. ಹೀಗೆ ಅರಬರ ಊರಿನಲ್ಲಿ, ಫ್ರೆಂಚನ ಮನೆಯ ಗೋಡೆಯ ತುಂಬ, ನೆಲದಿಂದ ಅವರ ಕೈ ಎಟುಕುವ ತನಕ, ನೇರಳೆ ಬಣ್ಣದ ಕನ್ನಡ.

ಹೊಸ ಆಸ್ಪತ್ರೆ ಎದ್ದಾಗ ದವಾಖಾನೆ ಅಲ್ಲಿಗೆ ಹೋಯಿತು. ಬಾಯಮ್ಮ ಹೋಗಲಿಲ್ಲ. ಸರ್ಟಿಫಿಕೇಟು ಸಾಲದು ಅಂದರು, ವಯಸ್ಸು ಮೀರಿತು ಅಂದರು. ಮನೆಯ ಒಡೆಯ ಒಳ್ಳೆಯ ಮುದುಕ, ಅವನ ಹೆಣ್ಣುಮಕ್ಕಳ ಹೆಸರೂ ಆ ಗೋಡೆಯಲ್ಲಿತ್ತು. ‘ದಕ್ತೂರಾ ಎಲ್ಲಿಗೂ ಹೋಗುವುದಿಲ್ಲ’ ಎಂದು ತಾನೇ ಕಫೀಲ್, ಅಂದರೆ ವೀಸಾದ ಹೊಣೆಗಾರ, ಆಗಿ ನಿಂತು ಅವರ ವೀಸಾ ಮಾಡಿಸಿದ. ಆಮೇಲೆ ನಮ್ಮ ಕಂಟ್ರಾಕ್ಟ್ ಕಂಪನಿ ಮನೆಯನ್ನು ಬಾಡಿಗೆಗೆ ಹಿಡಿದು ಮೇಲೆ ಆಫೀಸು, ಕೆಳಗೆ ಬ್ಯಾಚುಲರುಗಳ ವಸತಿ ಎಂದು ಮಾಡಿತು. ಮೆಸ್ಸು ನಡೆಸುವ ಕೆಲಸ ಬಾಯಮ್ಮನ ಪಾಲಿಗೆ ಬಂತು. ಹೆರಿಗೆ ಮಾಡಿಸಿದ ಕೈಯಲ್ಲಿ ನಮಗೆ ಸಾರು ಬಡಿಸಿದರು. ಕಂಪನಿಗೆ ಅದೇನೂ ವಿಚಿತ್ರವಾಗಿ ಕಾಣಲಿಲ್ಲ. ನಮಗೂ ಕಾಣಲಿಲ್ಲ, ಸಾರು ಚೆನ್ನಾಗಿತ್ತು.

ನಾನು ಟೈಪಿಸ್ಟಾಗಿ ಹೋದದ್ದು ಎಂಬತ್ತಾರರಲ್ಲಿ. ಇಪ್ಪತ್ತೆರಡರ ಹುಡುಗಾಟದ ವಯಸ್ಸು. ನನಗೆ ಸಿಕ್ಕಿದ್ದು ಹೆರಿಗೆ ಕೋಣೆ. ಮೂರು ಮಂಚ, ಮೂರು ಗಂಡಸರು, ಒಂದು ಫ್ಯಾನು. ‘ಹೆರಿಗೆ ಕೋಣೆಯಲ್ಲಿ ಕ್ಷೇಮವಾಗಿದ್ದೇನೆ’ ಎಂದು ಮನೆಗೆ ಕಾಗದ ಬರೆದು ಅಮ್ಮನನ್ನು ಎರಡು ವಾರ ಕಂಗಾಲು ಮಾಡಿದ್ದೆ. ಬಾಯಮ್ಮ ಕೋಣೆಗಳಿಗಿದ್ದ ದವಾಖಾನೆಯ ಹೆಸರುಗಳನ್ನು ಬಿಟ್ಟಿರಲೇ ಇಲ್ಲ. ಅಕ್ಕಿ ಮೂಟೆ ಇರುವುದು ಇಂಜೆಕ್ಷನ್ ರೂಮಿನಲ್ಲಿ, ಸ್ಟವ್ ಇರುವುದು ಡ್ರೆಸ್ಸಿಂಗ್ ರೂಮಿನಲ್ಲಿ. ಬೆಳಿಗ್ಗೆ ಇಡೀ ಮನೆಗೆ ಫಿನಾಯಿಲು ಹಾಕಿ ಒರೆಸದೆ ಚಾ ಕಾಯಿಸುತ್ತಿರಲಿಲ್ಲ.

ಶುಕ್ರವಾರ ಬಂತೆಂದರೆ ನಮ್ಮ ಕೋಣೆಗೆ ಜನ. ಯಾರಿಗೋ ಮಗನನ್ನು ಶಾಲೆಗೆ ಸೇರಿಸಬೇಕು, ಯಾರಿಗೋ ಪಾಸ್‌ಪೋರ್ಟು ಬೇಕು, ಹುಟ್ಟಿದ ದಿನ ಗೊತ್ತಿಲ್ಲ. ಗೊತ್ತಿಲ್ಲದವರಿಗೆಲ್ಲ ಕಚೇರಿಯವರು ಜನವರಿ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಕಾಗದದಲ್ಲಿ ಆ ದೇಶದ ಅರ್ಧ ಜನ ಒಂದೇ ದಿನ ಹುಟ್ಟಿದವರು. ಆದರೆ ಸೂರಿನವರಿಗೆ ಬಾಯಮ್ಮನ ಗೋಡೆಯಿತ್ತು. ನಾವು ಲುಂಗಿ ಸರಿಮಾಡಿಕೊಂಡು, ಮೊಳೆಗೆ ನೇತು ಹಾಕಿದ್ದ ಟವೆಲು ತೆಗೆದು, ಮಂಚ ಎಳೆದು ಜಾಗ ಕೊಡಬೇಕು. ಬಾಯಮ್ಮ ಟಾರ್ಚು ಹಿಡಿದು ಬೆರಳಿಟ್ಟು ಹುಡುಕುತ್ತ ಬಂದು ಒಂದು ಕಡೆ ನಿಂತು ಓದುತ್ತಿದ್ದರು. ದೊಡ್ಡ ಗಾಳಿಯ ಮರುದಿನ, ಬೆಳಗಿನ ಬಾಂಗಿಗೆ ಸ್ವಲ್ಪ ಮೊದಲು, ಹೆಣ್ಣು. ಕೇಳಿದ ಗಂಡಸು ತಲೆಯ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಬಾಯಮ್ಮ ಒಂದು ಚೀಟಿ ಬರೆದು ಕೊಡುತ್ತಿದ್ದರು, ಆಸ್ಪತ್ರೆಯ ಗುಮಾಸ್ತ ಬೇಕಾದರೆ ತಾನೇ ಬಂದು ಗೋಡೆ ನೋಡಿ ಹೋಗಿ ಒಪ್ಪಿಕೊಳ್ಳುತ್ತಿದ್ದ. ಕನ್ನಡದ ಒಂದಕ್ಷರ ಓದಲು ಬಾರದಿದ್ದರೂ ಅವನು ಗೋಡೆಗೆ ಕೊಡುತ್ತಿದ್ದ ಮರ್ಯಾದೆ ನೋಡಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ. ನಾನು ಅದೇ ಗೋಡೆಗೆ ಕಾಲು ಕೊಟ್ಟು ಮಲಗಿ ಟೇಪ್ ರೆಕಾರ್ಡರ್ ಕೇಳುತ್ತಿದ್ದೆ.

ಬಾಯಮ್ಮನ ಕಣ್ಣಿಗೆ ಪೊರೆ ಬರತೊಡಗಿತ್ತು. ಪುತಾ, ಅಂದರೆ ಮಗನೇ, ಎಂದು ಕರೆಯುತ್ತ ನನ್ನ ಹಿಂದೆ ಬಿದ್ದರು.

‘ಪುತಾ, ನೀನು ಟೈಪು ಮಾಡುವವ. ಮೇಲಿಂದ ಮಿಷನ್ ತಕೊಂಡು ಬಾ. ನಾನು ಓದ್ತೇನೆ, ನೀನು ಇಂಗ್ಲಿಷಲ್ಲಿ ಹೊಡಿ. ನಾಲ್ಕು ಶುಕ್ರವಾರ ಕೂತ್ರೆ ಮುಗಿದು ಹೋಗ್ತದೆ.’

‘ಬರುವ ಶುಕ್ರವಾರ ಖಂಡಿತ ಬಾಯಮ್ಮ.’

‘ನೀನು ಹೋದ ಲೆಂಟಿನ ಉಪವಾಸದಿಂದ ಹೇಳ್ತಾ ಇದ್ದಿ ಬರುವ ಶುಕ್ರವಾರ.’

ಆಗ ನಾನು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಅವರದೇ ದನಿಯಲ್ಲಿ, ‘ಯಾರು ಮಾರಾಯ ಫ್ರಿಜ್ಜಿನ ಬಾಗಿಲು ತೆಗೆದಿಟ್ಟದ್ದು? ನಿನ್ನ ಅಜ್ಜನ ಮನೆಯಾ ಇದು?’ ಎಂದು ಬೊಬ್ಬೆ ಹಾಕುತ್ತಿದ್ದೆ. ಎಡಗಾಲು ಸ್ವಲ್ಪ ಎಳೆದು ನಡೆಯುವ ಅವರ ನಡಿಗೆಯನ್ನೂ ಸೇರಿಸಿ. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ‘ಸಾಯ್ಲಿ ಇವ’ ಎಂದು ಸೌಟು ಬೀಸಿ ಹೋಗುತ್ತಿದ್ದರು. ಟೈಪಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಗಿಸಿ ಜಾರಿಕೊಳ್ಳುವುದು ನನ್ನ ವಿದ್ಯೆ. ಐದು ವರ್ಷ ಹೀಗೇ ಜಾರಿದೆ. ಮೇಲಿನ ಆಫೀಸಿನಲ್ಲಿ ಕುಳಿತು ಸಿಮೆಂಟು ಚೀಲದ ಬಗ್ಗೆ ಸಾವಿರ ಕಾಗದ ಟೈಪು ಮಾಡಿದವನಿಗೆ ಆ ಒಂದು ಗೋಡೆ ಟೈಪು ಮಾಡಲು ಬಿಡುವಾಗಲಿಲ್ಲ.

ಅನುಕರಣೆಯಲ್ಲಿ ನಾನು ಯಾರನ್ನೂ ಬಿಟ್ಟವನಲ್ಲ. ನಮ್ಮ ಮ್ಯಾನೇಜರು ಮೈಸೂರಿನವರು, ಪ್ರತಿ ವಾಕ್ಯದ ಮೊದಲು ಗಂಟಲು ಸರಿಮಾಡಿಕೊಳ್ಳುವ ಗಂಭೀರ ಮನುಷ್ಯ, ಮೇಲಿನ ಆಫೀಸು ಬಿಟ್ಟು ನಮ್ಮ ಕೋಣೆಗಳ ಕಡೆ ಒಂದು ದಿನ ಇಣುಕಿದವರಲ್ಲ. ಅವರ ದನಿಯಲ್ಲಿ ಸ್ಟೋರಿಗೆ ಫೋನು ಮಾಡಿ ನಮ್ಮ ಕೋಣೆಗೆ ಏಸಿ ತರಿಸಿಕೊಂಡಿದ್ದೆ. ಸಿಕ್ಕಿಬಿದ್ದಾಗ ಏಸಿ ಹೋಯಿತು, ಕೆಲಸ ಉಳಿಯಿತು. ಸೂರಿನ ಇಂಡಿಯನ್ನರೆಲ್ಲ ಆ ಕತೆ ಹೇಳಿ ನಕ್ಕರು. ನಾನೇ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಅದರ ಬೆಲೆ ಆಮೇಲೆ ಗೊತ್ತಾಯಿತು.

ತೊಂಬತ್ತರ ದಶಕ ಶುರುವಾಗುವಾಗ ಒಡೆಯ ಮುದುಕ ತೀರಿಕೊಂಡ. ಮಸ್ಕತ್ತಿನಲ್ಲೇ ಬೆಳೆದು ಗೋಡೆಯ ಸುದ್ದಿ ತಿಳಿಯದ ಅವನ ಮಗನಿಗೆ ಮನೆಯನ್ನು ಮ್ಯೂಸಿಯಂ ಮಾಡುವ ಹುಮ್ಮಸ್ಸು. ಕಂಪನಿ ಖಾಲಿ ಮಾಡಬೇಕೆಂದು ನೋಟೀಸು ಬಂತು. ಮನೆ ನೋಡಿ ಏನು ಉಳಿಸಬೇಕು, ಏನು ತೆಗೆಯಬೇಕು ಎಂದು ಬರೆಯಲು ಫ್ರಾನ್ಸಿನಿಂದ ಒಬ್ಬ ತಜ್ಞ ಬರುತ್ತಾನೆಂದೂ, ಅವನಿಗೆ ಮನೆ ತೋರಿಸಲು ಇಂಗ್ಲಿಷ್ ಮಾತಾಡುವ ಒಬ್ಬ ಹುಡುಗ ಬೇಕೆಂದೂ ಹೇಳಿ ಕಳಿಸಿದರು. ಮ್ಯಾನೇಜರು ನನ್ನ ಹೆಸರು ಕೊಟ್ಟರು. ಬಾಯಿ ಇರುವವನು ನಾನೊಬ್ಬನೇ ಅಂತ.

ಬಾಯಮ್ಮ ಹಿಂದಿನ ದಿನವೇ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದರು. ಅವರಿಗೆ ಮನೆ ಹೋಗುವುದರ ಬಗ್ಗೆ ಬೇಸರವಿರಲಿಲ್ಲ. ‘ನಾನೆಂತ ಈ ಮನೆಯನ್ನು ತಲೆ ಮೇಲೆ ಹೊತ್ಕೊಂಡು ಹೋಗ್ಲಿಕ್ಕುಂಟಾ?’ ಅಂದರು. ಆಮೇಲೆ ದನಿ ತಗ್ಗಿಸಿ, ‘ಆ ಗೋಡೆ ಒಂದು ಉಳಿಬೇಕು ಪುತಾ. ನನ್ನ ಇಂಗ್ಲಿಷು ದೊಡ್ಡವರ ಎದುರಲ್ಲಿ ಸಿಕ್ಕಿ ಬೀಳ್ತದೆ. ನೀನು ಹೇಳು. ಅವ ಒಳಗೆ ಬಂದದ್ದೇ ಮೊದಲು ಗೋಡೆ ತೋರಿಸು. ಇದು ಎಂತ ಅಂತ ಸರಿ ಮಾಡಿ ಹೇಳು. ನಾಟಕ ಮಾಡ್ಬೇಡ.’

‘ನಾಟಕ ಮಾಡುದಿಲ್ಲ ಬಾಯಮ್ಮ.’

‘ದೇವರಾಣೆ?’

‘ನಿಮ್ಮ ಬಂಗುಡೆಯಾಣೆ.’

ತಜ್ಞ ಬಂದ. ಜೊತೆಗೆ ಒಡೆಯನ ಮಗ. ನಾನು ಅವರನ್ನು ಮೊದಲು ಗೋಡೆಯ ಹತ್ತಿರ ಕರೆದೊಯ್ಯಬೇಕಿತ್ತು. ಆದರೆ ತಜ್ಞ ನೇರ ಮಹಡಿ ಹತ್ತಿದ. ಬಾಲ್ಕನಿಯಲ್ಲಿ ನಿಂತು, ಇಲ್ಲಿ ನಮ್ಮವನ ಬಗ್ಗೆ ಏನಾದರೂ ಕತೆ ಹೇಳುತ್ತಾರೆಯೇ ಎಂದು ಕೇಳಿದ. ಎದುರಿಗೆ ಹೊಸ ಪ್ರೇಕ್ಷಕರು, ಕೆಳಗೆ ಕಡಲು. ನನ್ನೊಳಗಿನ ಕೋತಿ ಎದ್ದು ಕುಳಿತಿತು. ಗಲ್ಲದ ಕೆಳಗೆ ಇಲ್ಲದ ಪಿಟೀಲು ಸಿಕ್ಕಿಸಿಕೊಂಡೆ, ಕಣ್ಣು ಮುಚ್ಚಿದೆ, ಮೂಗಿನಲ್ಲಿ ಫ್ರೆಂಚಿನಂಥದ್ದೇನೋ ಗುನುಗಿದೆ. ಹುಟ್ಟು ಎತ್ತಿ ಹಿಡಿದ ಹಡಗಿನವನಾಗಿ ಬಾಯಿ ತೆರೆದು ನಿಂತೆ. ಒಡೆಯನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ತಜ್ಞ ಮೊದಲು ನಕ್ಕ, ಆಮೇಲೆ ಗಂಭೀರವಾದ. ಯಾರು ಹೇಳಿದ್ದು ಎಂದು ಕೇಳಿದ. ಹಳೆಯ ಹಡಗಿನವನೊಬ್ಬ, ಈಗ ಬದುಕಿಲ್ಲ ಎಂದೆ. ಅವನು ಬರೆದುಕೊಂಡ. ಆಗಲೇ ನನಗೆ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕತೆ ಬರೆದುಕೊಂಡ ಮೊದಲ ಮನುಷ್ಯ ಎಂದು ಹಿಗ್ಗಿದೆ.

ಕೆಳಗೆ ಇಳಿದಾಗ ಚಾದ ಹೊತ್ತಾಗಿತ್ತು. ನಮ್ಮ ಕೋಣೆಯ ಬಾಗಿಲಲ್ಲಿ ಇಬ್ಬರೂ ನಿಂತು ಇಣುಕಿದರು. ಮೂರು ಮಂಚ, ಒಣಗಿ ಹಾಕಿದ ಬನಿಯನ್ನು, ಗೋಡೆ ತುಂಬ ನೇರಳೆ ಅಕ್ಷರ. ಇದೇನು ಎಂದ ತಜ್ಞ. ಇದೇ ಹೊತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಆದರೆ ನನ್ನ ಕಿವಿಯಲ್ಲಿ ಇನ್ನೂ ಆ ನಗು ಇತ್ತು, ಇನ್ನೊಂದು ಸಲ ಕೇಳಬೇಕೆನ್ನಿಸಿತು. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎಡಗಾಲು ಎಳೆದು ಎರಡು ಹೆಜ್ಜೆ ನಡೆದು, ಬಾಯಮ್ಮನ ದನಿಯಲ್ಲಿ, ಅವರ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ‘ದಿಸ್ ಮೈ ಧೋಬಿ ಲಿಸ್ಟ್, ಸರ್. ದಿಸ್ ಬಾಯ್ ಟೂ ಶರ್ಟ್, ದಟ್ ಬಾಯ್ ನೋ ಪ್ಯಾಂಟ್!’

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಆಮೇಲೆ ನಿಜ ಹೇಳುವವನಿದ್ದೆ. ಸತ್ಯವಾಗಿ ಇದ್ದೆ. ನಗು ಇಳಿಯಲಿ ಎಂದು ಕಾಯುತ್ತಿದ್ದೆ... ತಿರುಗಿ ನೋಡಿದರೆ ಬಾಗಿಲ ಹೊರಗೆ ಬಾಯಮ್ಮ. ಇಗರ್ಜಿಗೆ ಹೋಗುವ ಗೌನು, ಕೈಯಲ್ಲಿ ಟ್ರೇ, ಟ್ರೇಯಲ್ಲಿ ನಾವು ಎಂದೂ ಕಂಡಿರದ ಕಪ್ಪು-ಸಾಸರು. ತಜ್ಞ ಏನೋ ಗೀಚಿ ಪುಸ್ತಕ ಮುಚ್ಚಿದ. ಐದು ವರ್ಷ ಒಂದು ಕ್ಷಣ ಸುಮ್ಮನಿರದ ನಾಲಿಗೆ ಆ ದಿನವೇ ಸುಮ್ಮನಾಗಬೇಕಿತ್ತೇ?

‘ಚಾ ತಣಿದು ಹೋಗ್ತದೆ’ ಅಂದರು ಬಾಯಮ್ಮ. ಅಷ್ಟೇ.

ಅವರು ಬೈದಿದ್ದರೆ ಚೆನ್ನಾಗಿತ್ತು. ಸೌಟಿನಲ್ಲಿ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಹೊಡೆಯದ ಅವರ ಮೇಲೂ ನನಗೆ ಸಿಟ್ಟಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮರುದಿನವೂ ನನ್ನ ತಟ್ಟೆಗೆ ಎಲ್ಲರಿಗೆ ಹಾಕಿದಷ್ಟೇ ಮೀನು ಹಾಕಿದರು.

ಎರಡು ತಿಂಗಳಲ್ಲಿ ನಮ್ಮನ್ನು ಊರಾಚೆಯ ಹೊಸ ಕ್ಯಾಂಪಿಗೆ ಸಾಗಿಸಿದರು. ಬಾಯಮ್ಮನಿಗೆ ವೀಸಾ ರದ್ದಾಗಿ ಟಿಕೆಟ್ ಬರುವ ತನಕ ಒಂದು ಕೋಣೆ ಬಿಟ್ಟಿದ್ದರು. ಒಂದು ಬೆಳಿಗ್ಗೆ ಅವರು ಮೀನು ಮಾರ್ಕೆಟ್ಟಿಗೆ ಹೋಗಿದ್ದಾಗ ಗಾರೆಯವರು ಬಂದರು. ಬಾಯಮ್ಮ ಬುಟ್ಟಿ ಹಿಡಿದು ಮರಳುವಷ್ಟರಲ್ಲಿ ಹೆರಿಗೆ ಕೋಣೆಯ ಹಳೆಯ ಗಾರೆಯೆಲ್ಲ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ‘ಖಲಾಸ್, ಅಮ್ಮಾ’ ಎಂದನಂತೆ ಪಂಜಾಬಿ ಮೇಸ್ತ್ರಿ, ಹೆಮ್ಮೆಯಿಂದ, ಕೆಲಸ ಬೇಗ ಮುಗಿಸಿದ್ದಕ್ಕೆ. ಅವನ ತಪ್ಪಲ್ಲ, ಅವನ ಕೈಯಲ್ಲಿದ್ದ ಕಾಗದದಲ್ಲಿ ಹಾಗೇ ಇತ್ತು. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕಂಪನಿ ಆ ಮನೆಯನ್ನು ಸುಸ್ಥಿತಿಯಲ್ಲಿ ಬಿಟ್ಟುಕೊಟ್ಟಿದೆ ಎಂಬ ಕಾಗದವನ್ನು ಟೈಪು ಮಾಡುತ್ತಿದ್ದೆ.

ಆ ಶುಕ್ರವಾರ ನಾನು ಅಲ್ಲಿಗೆ ಹೋದಾಗ ಒಬ್ಬ ಮೀನುಗಾರ ಬಂದಿದ್ದ. ಹಿರಿಯ ಮಗನಿಗೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಬೇಕು. ಕಚೇರಿಯ ಕಾಗದದಲ್ಲಿ ವಯಸ್ಸು ಒಂದು ವರ್ಷ ಕಡಿಮೆ ಬಿದ್ದಿತ್ತು, ಒಂದು ಪಿಕಪ್ಪಿನ ಕೆಲಸ ಕೈತಪ್ಪುವುದರಲ್ಲಿತ್ತು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಹಸಿ ಸುಣ್ಣದ ಬಿಳಿ ಗೋಡೆಯ ಎದುರು ನಿಂತ. ತಪ್ಪು ಕೋಣೆಗೆ ಬಂದೆನೇನೋ ಎಂದು ಹೊರಗೆ ಬಂದು, ಬಾಗಿಲು ನೋಡಿ, ಮತ್ತೆ ಒಳಗೆ ಹೋದ. ಬಾಯಮ್ಮ ಅಭ್ಯಾಸದಂತೆ ಟಾರ್ಚು ಹಿಡಿದು ಬಂದಿದ್ದರು. ‘ಗುರುವಾರ...’ ಅಂದರು. ‘ಅಲ್ಲ, ಅದು ಇವನ ತಂಗಿದು...’ ಬೆರಳು ಬಿಳಿ ಗೋಡೆಯ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ನಾನು ಅವರು ತಡವರಿಸಿದ್ದನ್ನು ಕಂಡದ್ದು ಅದೇ ಮೊದಲು. ನೆನಪಿದ್ದಷ್ಟು ಬರೆದು ಚೀಟಿ ಕೊಟ್ಟರು. ಆಸ್ಪತ್ರೆಯ ಗುಮಾಸ್ತ ಎಂದಿನಂತೆ ಗೋಡೆ ನೋಡಲು ಬಂದ, ಬಿಳಿ ಗೋಡೆ ನೋಡಿದ, ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಬಾಯಮ್ಮನಿಗೇ ವಾಪಸು ಕೊಟ್ಟ.

ನಾನು ಓಡಾಡದೆ ಬಿಟ್ಟೆನೆಂದಲ್ಲ. ಇನ್ನೂ ಅಂಗಳದಲ್ಲಿ ಬಿದ್ದಿದ್ದ ಗಾರೆಯ ತುಂಡುಗಳನ್ನಾದರೂ ಕಾಪಾಡಿ, ದವಾಖಾನೆಯ ವಿಷಯ ದಾಖಲಿಸಿ ಎಂದು ಕಂಪನಿಯಿಂದ ಒಂದು ಕಾಗದ ಕೊಡಿ ಅಂತ ಮ್ಯಾನೇಜರ ಹತ್ತಿರ ಹೋದೆ. ಅವರು ಗಂಟಲು ಸರಿಮಾಡಿಕೊಂಡರು.

‘ಏನಯ್ಯಾ, ನನ್ನ ದನೀಲಿ ಫೋನ್ ಮಾಡಿ ಏಸಿ ತರಿಸ್ಕೊಂಡೋನು ನೀನು. ಈಗ ಗೋಡೆ ಮೇಲೆ ಹೆರಿಗೆ ಲಿಸ್ಟಿತ್ತು ಅಂತೀಯ. ನಾಳೆ ಮಹಡಿ ಮೇಲೆ ಆನೆ ಇತ್ತು ಅಂತೀಯ. ನಂಬ್ಕೊಂಡು ನಾನು ಸೈನ್ ಹಾಕ್ಲಾ?’

ಒಂದು ದಿನ ಕೆಳಗಿಳಿದು ನೋಡಿದ್ದರೆ ನಂಬುವ ಪ್ರಶ್ನೆಯೇ ಇರುತ್ತಿರಲಿಲ್ಲ ಸಾರ್, ನಿಮಗೆ ಕನ್ನಡ ಓದಲು ಬರುತ್ತಿತ್ತಲ್ಲ ಎಂದು ಕೂಗಿದೆ. ಆ ತಿಂಗಳು ನನ್ನ ರಜೆ ಹೋಯಿತು.

ಮಸ್ಕತ್ತಿಗೂ ಹೋದೆ. ತಜ್ಞ ಖರ್ಜೂರ ಕೊಟ್ಟ, ಕಾಫಿ ಕೊಟ್ಟ, ಮರ್ಯಾದೆ ಕೊಟ್ಟ. ಪಿಟೀಲು ಸುಳ್ಳು, ನಾನೇ ಕಟ್ಟಿದ್ದು ಎಂದೆ. ಅವನು ಮುಗುಳ್ನಕ್ಕು, ಜನಪದ ನೆನಪುಗಳು ಹೇಳುವವನಿಗೇ ಸುಳ್ಳೆನಿಸುವುದುಂಟು ಎಂದ. ಗೋಡೆ ನಿಜ ಎಂದೆ. ಅದರ ಫೋಟೋ ಇದೆಯೇ ಎಂದ. ಇಲ್ಲ. ಪ್ರತಿ ಇದೆಯೇ ಎಂದ. ಇಲ್ಲ. ಮನೆಯನ್ನು ಫ್ರೆಂಚನ ಕಾಲಕ್ಕೆ ಮರಳಿಸುವುದು ನಮ್ಮ ಉದ್ದೇಶ, ನಂತರ ಕೂಡಿಕೊಂಡ ಪದರಗಳನ್ನು ತೆಗೆಯಲೇಬೇಕಾಗುತ್ತದೆ ಎಂದ. ಬಾಡಿಗೆಗಿದ್ದು ಹೋದ ಒಬ್ಬ ಫ್ರೆಂಚ ಮನೆಯ ಇತಿಹಾಸ. ಆ ಮನೆಯಲ್ಲಿ ಹುಟ್ಟಿದ ಊರು ಪದರ! ಆ ಕೋಣೆಯಲ್ಲಿ ಈಗ ಖರ್ಜೂರದ ಮೂಟೆಗಳನ್ನು ಜೋಡಿಸಿಟ್ಟಿದ್ದಾರೆ. ಕರಪತ್ರದಲ್ಲಿ ಚಿತ್ರವಿದೆ. ಮೂಟೆಯೊಳಗೆ ಖರ್ಜೂರವೂ ಇಲ್ಲ, ಹೊಟ್ಟು ತುಂಬಿದ್ದಾರಂತೆ. ಗೆಳೆಯ ಬೆರಳು ಹಾಕಿ ನೋಡಿ ಬಂದಿದ್ದಾನೆ.

ಬಾಯಮ್ಮ ತೀರಿಹೋಗಿ ವರ್ಷವಾಯಿತು ಎಂದೂ ಅವನೇ ಹೇಳಿದ, ಹಲ್ವಾ ತಿನ್ನುತ್ತ, ನನಗೆ ಗೊತ್ತಿದೆ ಅಂದುಕೊಂಡು. ಅವರ ಊರು ನನ್ನ ಊರಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಊರಿಗೆ ಬಂದ ಮೇಲೆ ಒಂದು ಸಲವಾದರೂ ಹೋಗಬಹುದಿತ್ತು. ಬರುವ ಶುಕ್ರವಾರ, ಬರುವ ಶುಕ್ರವಾರ... ಕೊನೆಗೆ ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲವಂತೆ. ಈ ವಾರ ಮೂರು ಸಲ ಮ್ಯೂಸಿಯಮ್ಮಿಗೆ ಕಾಗದ ಬರೆಯಲು ಕುಳಿತೆ. ಬೈಗುಳದ ಪ್ಯಾರಾ ಸರಾಗವಾಗಿ ಬರುತ್ತದೆ. ಪಿಟೀಲಿನ ಪ್ಯಾರಾವೂ ಬರುತ್ತದೆ. ‘ಆ ಗೋಡೆಯ ಮೇಲೆ ಬರೆದಿದ್ದದ್ದು ಏನೆಂದರೆ’ ಎಂಬಲ್ಲಿಗೆ ಬಂದು ಮೂರು ಸಲವೂ ನಿಂತಿತು.

ಅವರು ಹೊರಟ ದಿನವೂ ಅಲ್ಲಿಯೇ ನಿಂತದ್ದು. ಕಂಪನಿಯ ಪಿಕಪ್ ಬಾಗಿಲಲ್ಲಿತ್ತು. ಹಿಂದೆ ಒಂದು ಟ್ರಂಕು, ಒಂದು ಬಟ್ಟೆ ಗಂಟು. ಬಾಯಮ್ಮ ಒಂದು ಕಾಲು ಮೇಲಿಟ್ಟಿದ್ದರು. ನಾನು ಬಾಗಿಲು ಹಿಡಿದುಕೊಂಡು, ‘ನೀವು ಹೆದರ್ಬೇಡಿ ಬಾಯಮ್ಮ, ನಾನು ಇವರನ್ನು ಬಿಡುದಿಲ್ಲ. ಐದು ವರ್ಷ ಆ ಗೋಡೆ ಹತ್ತಿರ ಮಲಗಿದವ ನಾನು, ಕನ್ನಡ ಬರುವವ ನಾನು. ಎಂತೆಂತ ಬರೆದಿತ್ತು ಅಂತ ನಾನೇ ಎಲ್ಲಿ ಬೇಕಾದ್ರೂ ನಿಂತು ಸಾಕ್ಷಿ ಹೇಳ್ತೇನೆ’ ಎಂದು ಒಂದೇ ಉಸಿರಿಗೆ ಹೇಳಿದೆ. ಕಣ್ಣಲ್ಲಿ ನೀರೂ ಬಂದಿತ್ತು, ಅನುಕರಣೆಯದಲ್ಲ. ಅವರು ಮೇಲಿಟ್ಟ ಕಾಲನ್ನು ಕೆಳಗಿಳಿಸಿದರು. ಪೊರೆ ಕಟ್ಟಿದ ಕಣ್ಣಿಂದ ನನ್ನ ಮುಖ ಹುಡುಕಿ ನೋಡಿದರು. ಆಮೇಲೆ ಕೇಳಿದರು:

‘ಹೌದಾ ಪುತಾ? ಹಾಗಾದ್ರೆ ಒಂದು ಹೆಸರು ಹೇಳು, ನೋಡುವ.’